ಎಡೆಯ ಮುಂದೆ ಕುಳಿತವರ ಕಾಯಕ



ಎಳ್ಳ ಅಮಾವಾಸ್ಯೆ ಬಾಗಿಲಿಗೆ ಬಂದಿದೆ. ಮೋರಟಗಿಯ ಓಣಿಗಳಲ್ಲಿ ಸಂಜೆ ಹೊತ್ತು ಒಂದು ಸುತ್ತು ಹಾಕಿದರೆ ಯಾರ ಮನೆಯಲ್ಲಿ ಶೇಂಗಾ ಹುರಿಯುತ್ತಿದ್ದಾರೆ, ಯಾರ ಮನೆಯಲ್ಲಿ ಎಳ್ಳು, ಯಾರ ಮನೆಯಲ್ಲಿ ಗುರೆಳ್ಳು ಎಂದು ಮೂಗೇ ಹೇಳುತ್ತದೆ. ಸಜ್ಜಿ ರೊಟ್ಟಿ ಬಡಿಯುವ ಸಪ್ಪಳ ನಡುರಾತ್ರಿಯವರೆಗೂ ನಿಲ್ಲುವುದಿಲ್ಲ. ಹೊಲದಲ್ಲಿ ಬಿಳಿಜೋಳ ತೆನೆ ಹಿರಿಯುತ್ತಿದೆ, ತೊಗರಿ ಕೊಯ್ಲಿಗೆ ಬಂದಿದೆ, ಕಡಲಿ ಹಸಿರುಗಾಯಿ ಕಟ್ಟುತ್ತಿದೆ. ದುಡಿಯಲು ಪುಣೆ, ಮುಂಬೈ, ಗೋವಾ ಸೇರಿದ ನಮ್ಮ ಮಕ್ಕಳು ಬಸ್ಸಿನಲ್ಲಿ ನಿಂತುಕೊಂಡಾದರೂ ಊರಿಗೆ ಬರುತ್ತಾರೆ. ದೀಪಾವಳಿಗೆ ಬಾರದವರೂ ಈ ಅಮಾಸಿಗೆ ಬರುತ್ತಾರೆ.

ಈ ಹೊತ್ತಿನಲ್ಲಿ ಉಪದೇಶ ಎಂದರೆ ದಾಸೋಹದ ಮಾತು ಬರಲೇಬೇಕು. ಕೊಡುವುದು, ನೀಡುವುದು, ಹಸಿದವರನ್ನು ಕರೆದು ಕೂರಿಸುವುದು. ಅದನ್ನು ನೀವು ಬಲ್ಲಿರಿ. ಬಸವಣ್ಣನವರು ಹುಟ್ಟಿದ ಬಾಗೇವಾಡಿ ನಮ್ಮ ವಿಜಯಪುರ ಜಿಲ್ಲೆಯಲ್ಲೇ ಇದೆ. ಕೊಡುವುದನ್ನು ಈ ಮಣ್ಣಿನ ಜನಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಇಂದು ನಾನು ಮಾತಾಡಬೇಕೆಂದಿರುವುದು ಇನ್ನೊಂದು ಕಡೆಯ ಬಗ್ಗೆ: ಎಡೆಯ ಮುಂದೆ ಚಕ್ಕಂಬಕ್ಕಳ ಹಾಕಿ ಕುಳಿತು ಉಣ್ಣುವವರ ಬಗ್ಗೆ. ಅವರಿಗೂ ಒಂದು ಕಾಯಕವಿದೆ. ಮನೆಯ ಹೆಣ್ಣುಮಗಳೊಬ್ಬಳು ಯಾರೂ ಮಾಡದ ಹೊಸದೊಂದನ್ನು ಮಾಡಿ ತಂದು ತಾಟಿಗೆ ಹಾಕಿದಾಗ, ಆ ಕಾಯಕ ದೊಡ್ಡದಾಗುತ್ತದೆ.

ನಮ್ಮ ಸೀಮೆಯ ಗಂಡಸರ ಒಂದು ರೂಢಿ ನಿಮಗೆ ಗೊತ್ತಿದೆ. ಅಡುಗೆ ಚಲೋ ಆಗಿದ್ದರೆ ಮಾತಿಲ್ಲ. ತಾಟು ಖಾಲಿಯಾಗುತ್ತದೆ, ಕೈ ತೊಳೆಯುತ್ತಾರೆ, ಎಲೆ ಅಡಿಕೆ ಕೇಳುತ್ತಾರೆ. ಉಪ್ಪು ಒಂದು ಚಿಟಿಕೆ ಕಡಿಮೆಯಾಗಿದ್ದರೆ ಮಾತ್ರ ಬಾಯಿ ತೆರೆಯುತ್ತದೆ. ಸುಮ್ಮನಿರುವುದೇ ಮೆಚ್ಚುಗೆ ಎಂದು ಹೆಂಗಸರು ತಿಳಿದುಕೊಳ್ಳಬೇಕು. ಮೂವತ್ತು, ನಲವತ್ತು ವರ್ಷ ಒಲೆಯ ಮುಂದೆ ಕುಳಿತ ತಾಯಿಗೆ ತನ್ನ ಕೈರುಚಿಯ ಬಗ್ಗೆ ಗೊತ್ತಿರುವುದೆಲ್ಲ ದೂರುಗಳಿಂದಲೇ ಬಂದದ್ದು. ಹೀಗೆ ಸುಮ್ಮನೆ ಉಣ್ಣುವುದು ವೈರಾಗ್ಯವೆಂದು ಕೆಲವರು ಭಾವಿಸುತ್ತಾರೆ. ರುಚಿಗೆ ಸೋಲಬಾರದು, ನಾಲಿಗೆಯನ್ನು ಗೆಲ್ಲಬೇಕು, ಆದ್ದರಿಂದ ಉಂಡದ್ದನ್ನು ಗಮನಿಸದೆ ಉಣ್ಣಬೇಕು ಎಂದು.

ಶರಣರು ಹಾಗೆ ಹೇಳಲಿಲ್ಲ. ಷಟ್‍ಸ್ಥಲದಲ್ಲಿ ಭಕ್ತ, ಮಹೇಶ್ವರ ಆದಮೇಲೆ ಮೂರನೆಯದು ಪ್ರಸಾದಿ. ಪ್ರಾಣಲಿಂಗಿ, ಶರಣ, ಐಕ್ಯ ಅದರ ಆಚೆಗಿವೆ. ಅಂದರೆ ಐಕ್ಯಕ್ಕೆ ಹೋಗುವ ದಾರಿ ಊಟದ ತಾಟನ್ನು ದಾಟಿಯೇ ಹೋಗುತ್ತದೆ, ಸುತ್ತಿಬಳಸಿ ಅಲ್ಲ. ಇಂದ್ರಿಯಗಳನ್ನು ಕಡಿದು ಹಾಕಿರಿ ಎನ್ನುವ ಬದಲು ಒಂದೊಂದು ಇಂದ್ರಿಯದಲ್ಲೂ ಒಂದೊಂದು ಲಿಂಗವನ್ನು ಕೂರಿಸಿದರು ನಮ್ಮ ಹಿರಿಯರು. ಮೂಗಿಗೆ ಆಚಾರಲಿಂಗ, ಕಣ್ಣಿಗೆ ಶಿವಲಿಂಗ, ಚರ್ಮಕ್ಕೆ ಜಂಗಮಲಿಂಗ, ಕಿವಿಗೆ ಪ್ರಸಾದಲಿಂಗ, ಹೃದಯಕ್ಕೆ ಮಹಾಲಿಂಗ. ನಾಲಿಗೆಗೆ? ಗುರುಲಿಂಗ. ಸ್ವಲ್ಪ ಯೋಚನೆ ಮಾಡಿರಿ. ಕಲಿಸುವವನನ್ನು ತಂದು ಕೂರಿಸಿದ್ದು ನಾಲಿಗೆಯ ಮೇಲೆ. ರುಚಿಯನ್ನು ಮೊದಲು ಅಲ್ಲಿ ಅರ್ಪಿಸಬೇಕು, ಆಮೇಲೆ ಅದು ನಿಮ್ಮದು. ಅರ್ಪಿಸುವವನಿಗೆ ತಾನು ಏನನ್ನು ಅರ್ಪಿಸುತ್ತಿದ್ದೇನೆ ಎಂಬುದು ಗೊತ್ತಿರಬೇಡವೇ? ಮೊಬೈಲಿನ ಮೇಲೆ ಕಣ್ಣು, ಟಿವಿಯ ಮೇಲೆ ಕಿವಿ, ಕೈ ಮಾತ್ರ ರೊಟ್ಟಿ ಮುರಿಯುತ್ತಿದ್ದರೆ ಅರ್ಪಿತವಾದದ್ದು ಏನು? ಪುಂಡಿಪಲ್ಲೆಯ ಹುಳಿ ಯಾವುದು, ಅಗಸಿ ಹಿಂಡಿಯ ಜಿಡ್ಡು ಯಾವುದು ಎಂದು ಬೇರೆ ಬೇರೆಯಾಗಿ ತಿಳಿದವನೇ ಅವನ್ನು ಬೇರೆ ಬೇರೆಯಾಗಿ ಕೊಡಬಲ್ಲ. ಹೀಗಾಗಿ ರುಚಿ ತಿಳಿದು ಉಣ್ಣುವುದು ಪೂಜೆಯ ಒಳಗಿನ ಸಂಗತಿ, ಹೊರಗಿನದಲ್ಲ.

ಈಗ ಹೊಸ ಅಡುಗೆಯ ಮಾತಿಗೆ ಬರೋಣ. ಇಲ್ಲಿ ತಕರಾರು ಎದ್ದೇಳುತ್ತದೆ. "ಹಬ್ಬದ ಎಡೆ ಹಿರಿಯರು ಹಾಕಿಕೊಟ್ಟಂಗ ಇರಬೇಕು. ಅದರೊಳಗ ಹೊಸದು ಎಲ್ಲಿಂದ ಬಂತು?" ಎಂದು ಕೇಳುವವರು ಈ ಸಭೆಯಲ್ಲೂ ಇದ್ದೀರಿ, ನಿಮ್ಮ ಮುಖ ನನಗೆ ಕಾಣುತ್ತಿದೆ. ನಿಮ್ಮ ಪ್ರಶ್ನೆಗೆ ಗೌರವವಿದೆ. ಆದರೆ ಎಳ್ಳ ಅಮಾಸಿಯ ಬುತ್ತಿಯನ್ನೇ ಬಿಚ್ಚಿ ನೋಡೋಣ, ಅದರಲ್ಲಿ ಹಿರಿಯರದು ಯಾವುದು, ಹೊಸದು ಯಾವುದು.

ಎಳ್ಳು ನಮ್ಮದು. ತೊಗರಿ ನಮ್ಮದು. ಬದನೆಕಾಯಿ ನಮ್ಮದು. ಇವು ಈ ದೇಶದ ಮಣ್ಣಲ್ಲಿ ಬಹಳ ಹಳೆಯ ಕಾಲದಿಂದ ಇವೆ. ಜೋಳ, ಸಜ್ಜೆ ಆಫ್ರಿಕಾದಿಂದ ಬಂದವು, ಬಂದು ಕೆಲವು ಸಾವಿರ ವರ್ಷವಾಯಿತು. ಇಷ್ಟು ದಿನ ಉಳಿದ ಮೇಲೆ ಮನೆಯವರೇ ಎನ್ನೋಣ. ಆದರೆ ಶೇಂಗಾ? ಅದು ದಕ್ಷಿಣ ಅಮೆರಿಕದ್ದು. ಮೆಣಸಿನಕಾಯಿಯೂ ಅಮೆರಿಕದ ಕಡೆಯದೇ. ಟೊಮೆಟೊ, ಬಟಾಟೆ ಕೂಡ. ಕೊಲಂಬಸ್ ಸಮುದ್ರ ದಾಟಿ ಆ ಕಡೆ ಹೋದದ್ದು 1492ರಲ್ಲಿ. ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ, ಅದೂ ನಮ್ಮ ವಿಜಯಪುರದ ಆದಿಲ್‍ಶಾಹಿಯವರ ಕೈಯಿಂದ. ಅವರ ಹಡಗುಗಳ ಜೊತೆ ಮೆಣಸಿನಕಾಯಿ ಈ ಕಡೆ ಬಂತು. ಬಸವಣ್ಣನವರ ಕಾಲ ಹನ್ನೆರಡನೆಯ ಶತಮಾನ. ಕಲ್ಯಾಣದ ಅವರ ಮಹಾಮನೆಯಲ್ಲಿ ಉಂಡ ಲಕ್ಷಾಂತರ ಶರಣರಲ್ಲಿ ಒಬ್ಬರೂ ಕೆಂಪು ಖಾರ ಕಂಡವರಲ್ಲ, ಶೇಂಗಾ ಹಿಂಡಿ ನೆಕ್ಕಿದವರಲ್ಲ, ಶೇಂಗಾ ಹೋಳಿಗೆಯ ಹೆಸರೂ ಕೇಳಿದವರಲ್ಲ. ಅವರಿಗೆ ಖಾರವೆಂದರೆ ಕರಿಮೆಣಸು, ಹಿಪ್ಪಲಿ, ಶುಂಠಿ.

ಹಾಗಾದರೆ ಶೇಂಗಾ ಹೋಳಿಗೆಯನ್ನು ಹಬ್ಬಕ್ಕೆ ತಂದವರು ಯಾರು? ಯಾವ ಗುರುವೂ ಅಪ್ಪಣೆ ಕೊಡಲಿಲ್ಲ, ಯಾವ ಆಗಮದಲ್ಲೂ ಬರೆದಿಲ್ಲ. ಯಾವುದೋ ಕಾಲದಲ್ಲಿ, ಯಾವುದೋ ಮನೆಯಲ್ಲಿ, ಒಬ್ಬ ಸೊಸೆ ಈ ಹೊಸ ಕಾಳನ್ನು ಹುರಿದು, ಸಿಪ್ಪೆ ಕೇರಿ, ಬೆಲ್ಲದ ಜೊತೆ ಕುಟ್ಟಿ, ಕಣಕದೊಳಗೆ ತುಂಬಿ ಲಟ್ಟಿಸಿರಬೇಕು. ಆವತ್ತೂ ಯಾರೋ ಒಬ್ಬ ಮಾವ "ಇದೇನು ಹೊಸ ನಮೂನಿ?" ಎಂದಿರಬೇಕು. ಇನ್ನೊಬ್ಬರು ಎರಡನೆಯ ಹೋಳಿಗೆ ಕೇಳಿರಬೇಕು. ಕೇಳಿದವರಿಂದಾಗಿಯೇ ಅದು ಇಂದು ನಮಗೆ ಸಂಪ್ರದಾಯ.

ಅಡುಗೆಯನ್ನು ಬರೆದಿಟ್ಟವರು ನಮ್ಮಲ್ಲಿ ಇಲ್ಲದಿಲ್ಲ. 1025ರಲ್ಲಿ ಚಾವುಂಡರಾಯನೆಂಬ ಕವಿ 'ಲೋಕೋಪಕಾರ' ಬರೆದಾಗ ಮಳೆ, ಬಾವಿ, ವೈದ್ಯದ ಜೊತೆ ಪಾಕಕ್ಕೂ ಒಂದು ಅಧ್ಯಾಯ ಕೊಟ್ಟ, ಅದೂ ಕನ್ನಡದಲ್ಲಿ. ನೂರು ವರ್ಷದ ಮೇಲೆ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆಯಿಸಿದ. ಅದರಲ್ಲಿ ಅನ್ನಭೋಗ ಎಂಬ ಭಾಗವೇ ಇದೆ. ಅದರಲ್ಲಿ ಮಾಂಸದ ಪಾಕಗಳೂ ಇವೆ, ಅದನ್ನು ಇಲ್ಲಿ ವಿವರಿಸಲಾರೆ. ಮುಂದೆ ಮೂರನೆಯ ಮಂಗರಸ 'ಸೂಪಶಾಸ್ತ್ರ'ವನ್ನೇ ಬರೆದ. ಬರೆದವರೆಲ್ಲ ಗಂಡಸರು, ಹೆಸರು ಉಳಿದದ್ದೂ ಗಂಡಸರದು. ಎಣ್ಣೆಗಾಯಿಗೆ ಗುರೆಳ್ಳು ಹಾಕಿದರೆ ಚೆಂದ ಎಂದು ಮೊದಲು ಕಂಡುಕೊಂಡವಳ ಹೆಸರು ಯಾವ ಗ್ರಂಥದಲ್ಲಿದೆ?

ದೇವರ ಎಡೆಯ ಮಾತು ಕೇಳುವವರಿಗೆ ಮಾದಾರ ಚೆನ್ನಯ್ಯನವರ ಕಥೆ ಗೊತ್ತು. ಕರಿಕಾಲ ಚೋಳ ದಿನವೂ ರಾಜಭೋಗದ ನೈವೇದ್ಯ ಇಡುತ್ತಿದ್ದ. ಒಂದು ದಿನ ಶಿವ ಅದನ್ನು ಮುಟ್ಟಲಿಲ್ಲ. ಏಕೆಂದು ಕೇಳಿದರೆ, ಚೆನ್ನಯ್ಯನ ಮನೆಯಲ್ಲಿ ಅಂಬಲಿ ಉಂಡು ಬಂದೆ ಎಂಬ ಉತ್ತರ. ಕುದುರೆಗೆ ಹುಲ್ಲು ತರುವ ಆಳಿನ ಗುಡಿಸಲಲ್ಲಿ, ಕುಲ ಕೇಳದೆ, ಅರಮನೆಯ ಪಟ್ಟಿಯಲ್ಲಿ ಇಲ್ಲದ್ದನ್ನು ಉಂಡ ದೇವರು ನಮ್ಮವನು. ಅಮಾಸಿ ಎಡೆಯಲ್ಲಿ ಒಂದು ಹೊಸ ಕಡಬು ಕಂಡರೆ ಆತ ಎದ್ದು ಹೋಗುತ್ತಾನೆಂದು ಹೆದರುವುದು ಆತನನ್ನು ಬಹಳ ಸಣ್ಣವನನ್ನಾಗಿ ಮಾಡಿದಂತೆ.

ಕಡಬು ಎಂದದ್ದಕ್ಕೆ ಕಾರಣವಿದೆ. ಒಮ್ಮೆ ಈ ಅಮಾಸಿಗೆ ಸಿಂದಗಿ ಕಡೆಯ ಒಂದು ಹೊಲಕ್ಕೆ ನನ್ನನ್ನು ಕರೆದಿದ್ದರು. ಬನ್ನಿಗಿಡದ ಕೆಳಗೆ ಐದು ಕಲ್ಲು ಇಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜೆ ಮಾಡಿ, ಹೊಲದ ತುಂಬ ಅಡುಗೆಯ ಚರಗ ಚೆಲ್ಲಿ ಬಂದು ಗಂಡಸರು, ಹಿರಿಯರು ಸಾಲಾಗಿ ಕುಳಿತರು. ಆ ಮನೆಯ ಸಣ್ಣ ಸೊಸೆ ಗಂಡನ ಜೊತೆ ಪುಣೆಯಲ್ಲಿ ಕಟ್ಟಡದ ಕೆಲಸ ಮಾಡುವವಳು. ಅಲ್ಲಿ ಕೆಲಸದ ಜಾಗದ ಪಕ್ಕದಲ್ಲಿ ಗಾಡಿಯವನೊಬ್ಬ ಮಾರುವ ಬಟಾಣಿ ಕಚೋರಿ ನೋಡಿದ್ದಳಂತೆ. ಊರಿಗೆ ಬಂದವಳು ಮೈದಾ ಕೇಳಲಿಲ್ಲ, ಬಟಾಣಿ ಕೇಳಲಿಲ್ಲ. ಹೊಲದ ಬದುವಿನಲ್ಲಿ ಹಸಿ ಕಡಲಿ ಸುಲಿದು ತಂದಳು. ಬಳ್ಳೊಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ ಹಾಕಿ ಒಳಕಲ್ಲಿನಲ್ಲಿ ತರಿತರಿಯಾಗಿ ಅರೆದು, ಇಂಡಿ ಲಿಂಬೆಯ ರಸ ಹಿಂಡಿ, ಅದನ್ನು ಸಜ್ಜಿ ಹಿಟ್ಟಿನ ಕಡಬಿನ ಹೊಟ್ಟೆಯೊಳಗೆ ಮುಚ್ಚಿ ಕುದಿಸಿದ್ದಳು. ನಮ್ಮ ಅಮಾಸಿ ಕಡಬು ನಿಮಗೆ ಗೊತ್ತಿದೆ: ಉಪ್ಪು, ಹಿಟ್ಟು, ಅಷ್ಟೆ, ಪಲ್ಲೆಯ ಆಸರೆ ಇಲ್ಲದೆ ಗಂಟಲಿಳಿಯುವುದಿಲ್ಲ. ಇದು ಹೊರಗೆ ನೋಡಿದರೆ ಅದೇ ಬೂದಿಬಣ್ಣದ ಕಡಬು. ಮುರಿದರೆ ಒಳಗೆ ಎಳೆ ಹಸಿರು.

ಪಂಕ್ತಿಯಲ್ಲಿ ಒಂದು ಗುಸುಗುಸು ಎದ್ದಿತು. ಹಿರಿಯ ಮೈದುನ "ಕಡಬಿನೊಳಗ ಇದನ್ನ ಯಾಕ ಬಚ್ಚಿಟ್ಟಿ?" ಎಂದು ನಕ್ಕ. ಹುಡುಗನೊಬ್ಬ ಫೋಟೊ ಹೊಡೆದು "ಸೂಪರ್" ಎಂದ, ತಿನ್ನುವ ಮೊದಲೇ. ಸೊಸೆ ಯಾರ ಮುಖವನ್ನೂ ನೋಡಲಿಲ್ಲ, ಕೈಯಲ್ಲಿದ್ದ ಬುಟ್ಟಿಯನ್ನೇ ನೋಡುತ್ತ ನಿಂತಳು. ಸಾಲಿನ ಕೊನೆಯಲ್ಲಿ ಆ ಮನೆಯ ಮುದುಕಿ ಕುಳಿತಿದ್ದಳು. ಹಲ್ಲು ನಾಲ್ಕೋ ಐದೋ. ಆಕೆ ಒಂದು ತುಣುಕು ಬಾಯಿಗೆ ಹಾಕಿ ಬಹಳ ಹೊತ್ತು ಆಡಿಸಿದಳು. ಆಮೇಲೆ, "ಬಳ್ಳೊಳ್ಳಿ ಒಂದೀಟು ಹೆಚ್ಚಾಗೇದ," ಎಂದಳು. ತಾಟು ಮುಂದೆ ಸರಿಸಿ, "ಇನ್ನೊಂದು ಹಾಕು" ಎಂದಳು.

ಈ ಎರಡು ಮಾತಿನ ಮೇಲೆ ನಾನು ಒಂದು ತಿಂಗಳು ಪ್ರವಚನ ಮಾಡಬಲ್ಲೆ. ಮೊದಲನೆಯ ಮಾತಿನಲ್ಲಿ ಗಮನವಿದೆ. ಉಂಡವಳಿಗೆ ಏನು ಉಂಡೆನೆಂಬುದು ಗೊತ್ತಿದೆ. ಅಳತೆ ಎಲ್ಲಿ ತಪ್ಪಿದೆ ಎಂಬುದೂ ಗೊತ್ತಿದೆ. ಸುಳ್ಳು ಹೇಳಲಿಲ್ಲ. ಸೊಸೆಯನ್ನು ಚಿಕ್ಕ ಮಗುವಿನಂತೆ ರಮಿಸಲಿಲ್ಲ, ಒಬ್ಬ ಒಕ್ಕಲಿಗ ಇನ್ನೊಬ್ಬ ಒಕ್ಕಲಿಗನ ಜೊತೆ ಬೀಜದ ಬಗ್ಗೆ ಮಾತಾಡುವಂತೆ ಮಾತಾಡಿದಳು. ಎರಡನೆಯ ಮಾತಿನಲ್ಲಿ ಸ್ವೀಕಾರವಿದೆ, ಅದೂ ಕೈ ಚಾಚಿದ ಸ್ವೀಕಾರ. ಫೋಟೊ ಹೊಡೆದ ಹುಡುಗನದು ಹೊಗಳಿಕೆ. ಮುದುಕಿಯದು ಪ್ರಸಾದಿಯ ನಡೆ. ಸೊಸೆಯ ಮುಖದಲ್ಲಿ ನಗು ಬಂದದ್ದು "ಸೂಪರ್" ಎಂದಾಗಲ್ಲ, ಬಳ್ಳೊಳ್ಳಿ ಹೆಚ್ಚಾಗಿದೆ ಎಂದಾಗ.

ಆ ಮೇಲೆ ನಡೆದದ್ದನ್ನೂ ಹೇಳಬೇಕು. ಅಜ್ಜಿ ಎರಡನೆಯದು ಕೇಳಿದ್ದೇ ತಡ, ಎಲ್ಲರಿಗೂ ಅದೇ ಬೇಕಾಯಿತು. ನಕ್ಕ ಮೈದುನನೂ ಕೇಳಿದ. ಬುಟ್ಟಿ ಬರಿದಾಯಿತು. ಗಂಡಸರು ಎದ್ದು ಗಿಡದ ನೆರಳಿಗೆ ಹೋದ ಮೇಲೆ ಹೆಂಗಸರು ಕುಳಿತರು. ಮಾಡಿದವಳ ತಾಟಿನಲ್ಲಿ ಆ ಕಡಬು ಇರಲಿಲ್ಲ. ತಣ್ಣನೆಯ ರೊಟ್ಟಿ, ತಳ ಹಿಡಿದ ಪಲ್ಲೆ ಇದ್ದವು. ತಾನು ಮಾಡಿದ್ದರ ರುಚಿ ಹೇಗಿತ್ತೆಂದು ಆಕೆಗೆ ಅತ್ತೆಯ ಅತ್ತೆ ಹೇಳಿದ್ದರಿಂದಲೇ ತಿಳಿಯಬೇಕು.

ತಾಯಂದಿರೇ, ನೀವು ನಗುತ್ತಿದ್ದೀರಿ, ಏಕೆಂದರೆ ಇದು ನಿಮ್ಮೆಲ್ಲರ ಮನೆಯ ಕಥೆ. ಅಪ್ಪಗಳಿರಾ, ನೀವು ನಗುತ್ತಿಲ್ಲ.

ದಾಸೋಹದಲ್ಲಿ ನೀಡುವವರು ಕೊನೆಗೆ ಉಣ್ಣಬೇಕೆಂಬುದು ನಿಜ, ಅದು ದೊಡ್ಡ ವ್ರತ. ಆದರೆ ಆ ವ್ರತವನ್ನು ಗಂಡಸರೆಲ್ಲ ಸೇರಿ ಹೆಂಗಸರಿಗೇ ಗುತ್ತಿಗೆ ಕೊಟ್ಟುಬಿಟ್ಟರೆ ಅದು ವ್ರತವಾಗಿ ಉಳಿಯುತ್ತದೆಯೇ? ಆಯ್ದಕ್ಕಿ ಲಕ್ಕಮ್ಮನ ಮನೆಯನ್ನು ನೆನೆಯಿರಿ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಕೆಯ ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಒಳಗೆ ತೆಗೆದುಕೊಳ್ಳಲಿಲ್ಲ. ಹೆಚ್ಚಿನದನ್ನು ತಂದ ಜಾಗದಲ್ಲೇ ಹಾಕಿ ಬಾ ಎಂದಳು. ಉಳಿದಷ್ಟರಲ್ಲೇ ಬಸವಣ್ಣ ಮೊದಲಾಗಿ ಜಂಗಮರೆಲ್ಲರಿಗೂ ಉಣಬಡಿಸಿದಳು ಎನ್ನುತ್ತದೆ ಪರಂಪರೆ. ಆ ಮನೆಯಲ್ಲಿ ಅಡುಗೆಯ ವಿಚಾರದ ಕೊನೆಯ ಮಾತು ಆಕೆಯದು, ಮಾರಯ್ಯ ಕೇಳಿದ. ಒಲೆಯ ಮುಂದೆ ಇರುವವಳಿಗೆ ಬುದ್ಧಿಯೂ ಇದೆ ಎಂದು ಒಪ್ಪಿದ ಗಂಡನಿಗೇ ಅಂಥ ಊಟ ಸಿಗುವುದು.

ಕಡಿಮೆಯಲ್ಲಿ ಮಾಡುವ ಜಾಣ್ಮೆ ನಮ್ಮ ಸೀಮೆಯ ತಾಯಂದಿರಿಗೆ ಬರ ಕಲಿಸಿದ ವಿದ್ಯೆ. 1972ರ ಬರವನ್ನು ಕಂಡ ಹಿರಿಯರು ಇಲ್ಲಿ ಕುಳಿತಿದ್ದೀರಿ. ಹೊಲದಲ್ಲಿ ಕಾಳಿಲ್ಲ, ಹೊರಗಿನಿಂದ ತರಿಸಿದ ಕೆಂಪು ಜೋಳ ಬಂತು. ನಮ್ಮ ಬಿಳಿಜೋಳದ ಜಿಗಿ ಅದಕ್ಕೆಲ್ಲಿ? ಬಡಿದರೆ ಅಂಚು ಒಡೆಯುವ ಹಿಟ್ಟನ್ನು ಕುದಿಯುವ ಎಸರು ಹಾಕಿ ನಾದಿ, ಬಗ್ಗಿಸಿ, ಹೇಗೋ ರೊಟ್ಟಿ ಮಾಡಿ ಮಕ್ಕಳ ಕೈಗೆ ಕೊಟ್ಟವರು ನಿಮ್ಮ ಅವ್ವಂದಿರು. ನಿನ್ನೆಯ ಕಟಿರೊಟ್ಟಿಯನ್ನು ಚೂರು ಮಾಡಿ ಒಗ್ಗರಣೆ ಕೊಟ್ಟವರು ಅವರೇ. ಬಿಸಿರೊಟ್ಟಿಯನ್ನು ಬಳ್ಳೊಳ್ಳಿ, ಖಾರ, ಎಣ್ಣೆಯ ಜೊತೆ ಒರಳಿನಲ್ಲಿ ಕುಟ್ಟಿ ಮುಟಗಿ ಮಾಡಿದವರೂ ಅವರೇ. ಈಗ ಹೋಟೆಲಿನಲ್ಲಿ ದುಡ್ಡು ಕೊಟ್ಟು ಮುಟಗಿ ತಿಂದು ಹೊಗಳುತ್ತೇವೆ. ಅದು ಮನೆಯಲ್ಲಿ ಹುಟ್ಟಿದ ದಿನ ಯಾರೂ ಏನೂ ಅಂದಿರಲಿಕ್ಕಿಲ್ಲ.

ಹೊಸದು ಕೆಟ್ಟದ್ದಾಗಿದ್ದರೆ ಏನು ಮಾಡಬೇಕು? ಇದನ್ನು ಒಬ್ಬ ಯುವಕ ನನ್ನನ್ನು ಖಾಸಗಿಯಾಗಿ ಕೇಳಿದ್ದಾನೆ, ಹೊಸದಾಗಿ ಮದುವೆಯಾದವನು, ಹೆಚ್ಚು ಹೇಳಲಾರೆ. ಎಲ್ಲ ಪ್ರಯೋಗವೂ ಗೆಲ್ಲುವುದಿಲ್ಲ. ನೂಡಲ್ಸಿಗೆ ಪುಂಡಿಪಲ್ಲೆ ಬೆರೆಸಿದ ಒಂದು ಮನೆಯನ್ನು ನಾನು ಬಲ್ಲೆ, ಅದನ್ನು ಶಿವನೂ ಯೋಚನೆ ಮಾಡಿಯೇ ಸ್ವೀಕರಿಸಬೇಕು. ನಮ್ಮ ಹಿರಿಯರು ಒಂದು ಪದ್ಧತಿ ಹಾಕಿಕೊಟ್ಟಿದ್ದಾರೆ: ಪ್ರಸಾದವನ್ನು ಬಿಡುವಂತಿಲ್ಲ. ಉಂಡಾದ ಮೇಲೆ ತಾಟಿಗೆ ನೀರು ಹಾಕಿ, ಬೆರಳಲ್ಲಿ ತೊಳೆದು, ಕುಡಿಯುವವರು ಈಗಲೂ ನಮ್ಮಲ್ಲಿದ್ದಾರೆ. ಬಿಡುವಂತಿಲ್ಲ ಎಂದಮೇಲೆ ಮೊದಲು ಎಷ್ಟು ಹಾಕಿಸಿಕೊಳ್ಳಬೇಕು ಎಂಬ ಎಚ್ಚರ ತಾನಾಗಿಯೇ ಬರುತ್ತದೆ. ಸ್ವಲ್ಪವೇ ಹಾಕಿಸಿಕೊಳ್ಳಿ, ಅಷ್ಟನ್ನು ಪೂರ್ತಿ ಉಣ್ಣಿ, ಉಂಡ ಮೇಲೆ ನಿಜ ಹೇಳಿ. ಆದರೆ ಉಣ್ಣದೆ ತೀರ್ಪು ಕೊಡಬೇಡಿ, ನಾಲ್ಕು ಜನರ ಮುಂದೆ ನಗಬೇಡಿ, ಬೀದಿಯಲ್ಲಿ ಕಥೆ ಮಾಡಿ ಹೇಳಬೇಡಿ. ನಾನು ಈಗ ನೂಡಲ್ಸಿನ ಕಥೆ ಹೇಳಿದೆನಲ್ಲ, ಮನೆಯ ಹೆಸರು ಹೇಳಲಿಲ್ಲ. ಆ ತಾಯಿ ಮುಂದಿನ ಸಲ ಪುಂಡಿಪಲ್ಲೆಯನ್ನು ಇಡ್ಲಿಯ ಜೊತೆ ಕೊಟ್ಟಳು, ಅದು ನಿಜಕ್ಕೂ ಚಲೋ ಇತ್ತು. ಮೊದಲ ಸಲವೇ ಆಕೆಯ ಬಾಯಿ ಮುಚ್ಚಿಸಿದ್ದರೆ ಎರಡನೆಯದು ಹುಟ್ಟುತ್ತಿರಲಿಲ್ಲ.

ಚರಗದ ಬಗ್ಗೆ ಒಂದು ಮಾತು ಹೇಳಿ ಮುಗಿಸುವ ಕಡೆಗೆ ಬರುತ್ತೇನೆ. ನಾವು ಉಣ್ಣುವ ಮೊದಲು ಹೊಲದ ತುಂಬ ಚೆಲ್ಲುತ್ತೇವೆ. ಇಲಿ, ಇರುವೆ, ಹಕ್ಕಿ, ಹುಳಕ್ಕೆ ಮೊದಲ ತುತ್ತು. ಪಕ್ಕದ ಕಲಬುರಗಿ ಜಿಲ್ಲೆಯ ಅರಳಗುಂಡಗಿಯ ಶರಣಬಸವೇಶ್ವರರು ಬೆಳೆದ ಜೋಳದ ಹೊಲವನ್ನೇ ಹಕ್ಕಿಗಳಿಗೆ ಬಿಟ್ಟು, ಕುಡಿಯಲು ನೀರಿಟ್ಟವರು. ಚರಗದ ಬುಟ್ಟಿಯಲ್ಲಿ ರೊಟ್ಟಿ, ಕಡಬು, ಪಲ್ಲೆ, ಹೋಳಿಗೆ, ಬಾನ ಎಲ್ಲ ಕಲಸಿರುತ್ತದೆ. ಮನೆಯವಳು ಮಾಡಿದ ಹೊಸದನ್ನೂ ಅದರಲ್ಲಿ ಸೇರಿಸಿ. ಭೂಮಿತಾಯಿಗೆ ಬಸಿರಿಯ ಬಯಕೆ ಎಂದು ನಾವೇ ಹೇಳುತ್ತೇವೆ. ಬಸಿರಿ ಹೆಂಗಸು ಹೊಸ ರುಚಿ ಕೇಳುತ್ತಾಳೋ ಹಳೆಯದನ್ನೇ ಕೇಳುತ್ತಾಳೋ, ನಿಮಗೇ ಗೊತ್ತು.

ಈ ಅಮಾಸಿಗೆ ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಹೊಲದಲ್ಲಿ ಬುತ್ತಿ ಬಿಚ್ಚಿದ ಮೇಲೆ, ಚರಗ ಮುಗಿದ ಮೇಲೆ, ಮೊದಲ ಪಂಕ್ತಿಗೆ ಅಡುಗೆ ಮಾಡಿದವರು ಕೂರಲಿ. ಗಂಡಸರು ಬಡಿಸಲಿ. ಬಡಿಸಲು ಬರುವುದಿಲ್ಲ ಎನ್ನಬೇಡಿ, ಮಠದ ಜಾತ್ರೆಯಲ್ಲಿ ಸಾವಿರಾರು ಜನಕ್ಕೆ ಬಕೆಟ್ಟು ಹಿಡಿದು ಓಡಾಡುವವರು ನೀವೇ. ಮುಂದಿನ ಹುಣ್ಣಿಮೆಯ ಶಿವಾನುಭವಕ್ಕೆ ದಾಸೋಹದ ಅಡುಗೆ ಎಂದಿನಂತೆ ಇರುತ್ತದೆ. ಅದರ ಜೊತೆಗೆ, ಹುಟ್ಟಿದೂರಿನಿಂದ, ಗಂಡನ ಮನೆಯಿಂದ, ಪುಣೆಯಿಂದ, ಇಲ್ಲವೇ ತನ್ನ ತಲೆಯಿಂದ ಒಂದು ಹೊಸ ಅಡುಗೆ ತರಬಯಸುವ ತಾಯಂದಿರು ಇವತ್ತೇ ಹೆಸರು ಬರೆಸಿ ಹೋಗಿರಿ. ಸ್ವಲ್ಪವೇ ಮಾಡಿರಿ, ಮೂವತ್ತು ಜನಕ್ಕೆ ಒಂದೊಂದು ತುತ್ತಾದರೆ ಸಾಕು. ಮಾಡಿದ ನಿಮಗೂ ಒಂದು ಪಾಲನ್ನು ಮೊದಲೇ ತೆಗೆದಿಡಲು ಹೇಳಿದ್ದೇನೆ. ಹೆಸರು ಬರೆದುಕೊಳ್ಳಲು ದಾಸೋಹ ಮನೆಯ ಬಾಗಿಲಲ್ಲಿ ಒಬ್ಬರು ಕುಳಿತಿರುತ್ತಾರೆ. ನೂಡಲ್ಸ್ ತರುವವರು ಮಾತ್ರ ಮೊದಲು ನನ್ನನ್ನು ಕಂಡು ಹೋಗಿರಿ.